ಗುಣದಾಳದ ದೊರೆ ಕಲಿಸಿದ ಮನೆಯ ಸಾಮು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚರಿತ್ರೆ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ, ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು. ಆದ್ದರಿಂದ ನನ್ನ ವೃತ್ತಿಗೂ ನಮ್ಮ ನೆಲಕ್ಕೂ ಸಂಬಂಧಪಟ್ಟ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ಔಂಧ ಸಂಸ್ಥಾನದ ಅರಸರಾಗಿದ್ದ ಶ್ರೀಮಂತ ಭವಾನರಾವ್ ಪಂತ ಪ್ರತಿನಿಧಿ. ಸೂರ್ಯ ನಮಸ್ಕಾರವನ್ನು ಮನೆ ಮನೆಯ ವ್ಯಾಯಾಮವನ್ನಾಗಿ ಮಾಡಲು ಜೀವನವಿಡೀ ದುಡಿದವರು.

ಮರಾಠಿ ಸೀಮೆಯ ಅರಸರಿಗೂ ಬಬಲೇಶ್ವರ ಭಾಗದ ನಮಗೂ ಏನು ಸಂಬಂಧ ಎಂದು ಇಂದಿನ ಮಕ್ಕಳು ಕೇಳಬಹುದು. ಔಂಧ ಊರು ಇರುವುದು ಸಾತಾರಾ ಜಿಲ್ಲೆಯಲ್ಲಿ. ಪುಣೆಯ ಬಳಿಯ ಔಂಧ ಬೇರೆ. ಆ ಸಂಸ್ಥಾನ ಒಂದೇ ಕಡೆ ಕೂಡಿಕೊಂಡು ಇರಲಿಲ್ಲ, ತುಂಡು ತುಂಡಾಗಿ ಹರಡಿತ್ತು. ಔಂಧ, ಆಟಪಾಡಿ, ಕುಂಡಲ ಎಂಬ ಮೂರು ಭಾಗಗಳು ಮರಾಠಿ ಮಾತಿನವು. ನಾಲ್ಕನೆಯದು ನಮ್ಮ ಗುಣದಾಳ. ಸುತ್ತಲಿನ ಊರುಗಳೆಲ್ಲ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದಾಗ ಗುಣದಾಳದ ಕನ್ನಡಿಗರು ಔಂಧದ ಪ್ರಜೆಗಳಾಗಿದ್ದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಟಪಾಡಿ, ಕುಂಡಲ ಇಂದು ಸಾಂಗಲಿ ಜಿಲ್ಲೆಯಲ್ಲಿವೆ. ಗುಣದಾಳ ಬಬಲೇಶ್ವರ ತಾಲ್ಲೂಕಿನಲ್ಲಿದೆ.

ಭವಾನರಾವ್ ಹುಟ್ಟಿದ್ದು 1868ರಲ್ಲಿ. ಛತ್ರಪತಿ ರಾಜಾರಾಮರ ಕಾಲದಲ್ಲಿ ಹೆಸರಾದ ಪರಶುರಾಮ ತ್ರ್ಯಂಬಕ ಪ್ರತಿನಿಧಿಯ ಮನೆತನ ಅವರದು. ಬಿ.ಎ. ಪದವೀಧರರು, ಒಳ್ಳೆಯ ಚಿತ್ರಕಾರರು. ರಾಮಾಯಣದ ಕಥೆಯನ್ನು ಚಿತ್ರಗಳಲ್ಲಿ ಬಿಡಿಸಿದರು. ಪುಣೆಯ ಭಾಂಡಾರಕರ ಸಂಸ್ಥೆ ಮಹಾಭಾರತದ ಸಂಶೋಧಿತ ಆವೃತ್ತಿಯ ಕೆಲಸ ಹಿಡಿದಾಗ ಅದಕ್ಕೆ ಬೆನ್ನಾಗಿ ನಿಂತರು. 1909ರಲ್ಲಿ ಗಾದಿಗೆ ಬಂದರು.

ನನ್ನ ಮಟ್ಟಿಗೆ ಅವರ ನಿಜವಾದ ಕಥೆ ಶುರುವಾಗುವುದು ಗಾದಿಗೆ ಬರುವ ಹನ್ನೆರಡು ವರ್ಷ ಮೊದಲು, 1897ರಲ್ಲಿ. ಆಗ ಲಂಡನ್ನಿನಲ್ಲಿ ಯೂಜೀನ್ ಸ್ಯಾಂಡೋ ಎಂಬ ಜಟ್ಟಿ ಜಗತ್ಪ್ರಸಿದ್ಧನಾಗಿದ್ದ. ಅವನ ಪುಸ್ತಕ ಓದಿ, ಅವನು ಹೇಳಿದ ಸಲಕರಣೆ ಹಿಡಿದು, ಜನ ತಮ್ಮ ತಮ್ಮ ಮನೆಯಲ್ಲಿಯೇ ಮೈ ಬೆಳೆಸುತ್ತಿದ್ದರು. ಇವತ್ತು ಪಟ್ಟಣಗಳಲ್ಲಿ ಪಗಾರ ಕೊಟ್ಟು ಮನೆಗೆ ಟ್ರೇನರ್ ಕರೆಸಿಕೊಳ್ಳುತ್ತಾರಲ್ಲ, ಅದರ ಹಳೆಯ ರೂಪ ಅದು. ಗುರು ಬರುವ ಬದಲು ಗುರುವಿನ ಪುಸ್ತಕ ಬರುತ್ತಿತ್ತು. ಯುವಕ ಭವಾನರಾವ್ ಸ್ಯಾಂಡೋನ ಸಾಮಾನುಗಳನ್ನೆಲ್ಲ ತರಿಸಿಕೊಂಡು ಸುಮಾರು ಹತ್ತು ವರ್ಷ ಬಿಡದೆ ಕಸರತ್ತು ಮಾಡಿದರು.

1908ರ ಸುಮಾರಿಗೆ ಅವರ ಸ್ನೇಹಿತರಾದ ಮಿರಜದ ಅರಸ ಗಂಗಾಧರರಾವ್ ಪಟವರ್ಧನರು ಸೂರ್ಯ ನಮಸ್ಕಾರ ಮಾಡಿ ನೋಡಲು ಒತ್ತಾಯಿಸಿದರು. ಭವಾನರಾವ್ ಒಪ್ಪಿದರು. ಮುಂದೆ ಸಲಕರಣೆಗಳು ಮೂಲೆಗೆ ಸೇರಿದವು. ನಮಸ್ಕಾರ ಮುಪ್ಪಿನವರೆಗೂ ಜೊತೆಯಲ್ಲಿ ಉಳಿಯಿತು.

ನಮಸ್ಕಾರ ಅವರು ಹುಟ್ಟುಹಾಕಿದ್ದಲ್ಲ. ತಾಲೀಮುಗಳಲ್ಲಿ ಪೈಲವಾನರು ದಂಡದ ಜೊತೆಗೆ ಅದನ್ನು ಮಾಡುತ್ತಲೇ ಬಂದಿದ್ದರು, ದೇವರ ಕೋಣೆಯಲ್ಲಿ ಭಕ್ತರೂ ಮಾಡುತ್ತಿದ್ದರು. ಭವಾನರಾವ್ ಅದನ್ನು ಯಾರಾದರೂ ಕಲಿಯಬಹುದಾದ ಹತ್ತು ಹಂತಗಳ ಪಾಠವನ್ನಾಗಿ ಕಟ್ಟಿದರು. ನೆಟ್ಟಗೆ ನಿಂತು ಕೈ ಮುಗಿಯುವುದು, ಮೊಣಕಾಲು ಮಡಿಸದೆ ಬಗ್ಗಿ ಅಂಗೈ ನೆಲಕ್ಕೆ ಊರುವುದು, ಒಂದು ಕಾಲು ಹಿಂದೆ, ಎರಡೂ ಕಾಲು ಹಿಂದೆ, ಹಣೆ, ಎದೆ, ಅಂಗೈ, ಮೊಣಕಾಲು, ಪಾದ ಹೀಗೆ ಎಂಟು ಅಂಗ ನೆಲಕ್ಕೆ, ಎದೆ ಎತ್ತುವುದು, ಆಮೇಲೆ ಬಂದ ದಾರಿಯಲ್ಲಿಯೇ ತಿರುಗಿ ಎದ್ದು ನಿಲ್ಲುವುದು. ಊರಿದ ಅಂಗೈ ಕೊನೆಯವರೆಗೆ ಕದಲಬಾರದು. ಪ್ರತಿ ಹಂತಕ್ಕೂ ಉಸಿರಿನ ಲೆಕ್ಕ. ಒಂದು ಚಾಪೆ ಹಾಸುವಷ್ಟು ಜಾಗ ಇದ್ದರೆ ಸಾಕು.

ಅವರು ಮೊದಲು ಕಲಿಸಿದ್ದು ತಮ್ಮ ಮನೆಯವರಿಗೆ. ರಾಣಿಯವರೂ ಮಕ್ಕಳೂ ನಮಸ್ಕಾರ ಹಾಕುತ್ತಿದ್ದರು. ಮಗ ಅಪ್ಪಾಸಾಹೇಬ ಪಂತ ಮುಂದೆ ಭಾರತದ ರಾಯಭಾರಿಯಾಗಿ ದೇಶ ದೇಶ ತಿರುಗಿದರೂ ಅಪ್ಪನ ಪಾಠ ಬಿಡಲಿಲ್ಲ, ಆ ವಿಷಯದ ಮೇಲೆ ಪುಸ್ತಕವನ್ನೂ ಬರೆದರು. ಹೆಂಗಸರು ಕಸರತ್ತು ಮಾಡುವುದೆಂದರೆ ಜನ ನಗುತ್ತಿದ್ದ ಕಾಲದಲ್ಲಿ ಒಬ್ಬ ಅರಸ ತನ್ನ ಮನೆಯಿಂದಲೇ ಶುರು ಮಾಡಿದ್ದನ್ನು ನಾನು ದೊಡ್ಡ ಧೈರ್ಯ ಎನ್ನುತ್ತೇನೆ.

ಮನೆಯಿಂದ ಪಾಠ ಶಾಲೆಗೆ ಹೋಯಿತು. ಸಂಸ್ಥಾನದ ಶಾಲೆಗಳಲ್ಲಿ ಗಂಡು ಹೆಣ್ಣು ಮಕ್ಕಳಿಗೆಲ್ಲ ಸೂರ್ಯ ನಮಸ್ಕಾರ ಕಡ್ಡಾಯವಾಯಿತು. 1920ರ ದಶಕದಲ್ಲಿ ಪುಸ್ತಕ ಪ್ರಕಟಿಸಿದರು. 1936ರಲ್ಲಿ ಇಂಗ್ಲೆಂಡಿಗೆ ಹೋದಾಗ ಎಪ್ಪತ್ತರ ಹತ್ತಿರದ ಅವರ ಗಟ್ಟಿ ದೇಹ ಕಂಡು ಲೂಯಿಸ್ ಮಾರ್ಗನ್ ಎಂಬ ಪತ್ರಕರ್ತೆ ಬೆರಗಾದರು. ಆಕೆಯೇ ಸಂಪಾದಿಸಿದ ಅವರ ಇಂಗ್ಲಿಷ್ ಪುಸ್ತಕ 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇತ್ತ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, ಮುಂದೆ ‘ಶಾಂತಲಾ’ ಕಾದಂಬರಿ ಬರೆದ ನಮ್ಮ ಕೆ.ವಿ. ಅಯ್ಯರ್ ಅವರೂ 1937ರಲ್ಲಿ ಸೂರ್ಯ ನಮಸ್ಕಾರದ ಮೇಲೆ ಪುಸ್ತಕ ತಂದರು. ಅಂಚೆಯ ಮೂಲಕ ವ್ಯಾಯಾಮ ಕಲಿಸುವ ಪದ್ಧತಿಯನ್ನೂ ಅವರು ನಡೆಸಿದರು.

ಅರಸರ ಈ ಕಡ್ಡಾಯವನ್ನು ನಾನು ಒಬ್ಬ ಶಿಕ್ಷಕನಾಗಿ ಪೂರಾ ಒಪ್ಪಲಾರೆ. ಮೈ ಒಪ್ಪದ ಮಗುವಿರುತ್ತದೆ, ಮನಸ್ಸು ಒಪ್ಪದ ಮನೆಯಿರುತ್ತದೆ. ನಮಸ್ಕಾರವನ್ನು ಮಂತ್ರ ಹೇಳಿ ಮಾಡುವವರಿದ್ದಾರೆ, ಬರೀ ಒಂದು ಎರಡು ಎಣಿಸಿ ಮಾಡುವವರಿದ್ದಾರೆ. ನಮ್ಮಂಥ ಎಲ್ಲ ಜಾತಿ ಧರ್ಮದ ಮಕ್ಕಳು ಕೂಡಿ ಕಲಿಯುವ ಶಾಲೆಯಲ್ಲಿ ಅದು ಅವರವರಿಗೆ ಬಿಟ್ಟದ್ದು. ಆದರೆ ಇದೇ ಅರಸರು ಇನ್ನೊಂದು ಕೆಲಸ ಮಾಡಿದರು. ಅದನ್ನು ನೆನೆದಾಗ ಅವರ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

1938ರಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ರಾಜ್ಯಾಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಡುವುದಾಗಿ ಸಾರಿದರು. ಮಗ ಅಪ್ಪಾಸಾಹೇಬರೂ ಪೋಲೆಂಡಿನಿಂದ ಬಂದಿದ್ದ ಮಾರಿಸ್ ಫ್ರಿಡ್‌ಮನ್ ಎಂಬ ಎಂಜಿನಿಯರರೂ ಗಾಂಧೀಜಿಯವರ ಸಲಹೆ ಪಡೆದು ಸಂವಿಧಾನದ ಕರಡು ಸಿದ್ಧಪಡಿಸಿದರು. 1939ರ ಜನವರಿಯಲ್ಲಿ ಅದು ಜಾರಿಗೆ ಬಂತು. ಕೆಳಗೆ ಗ್ರಾಮ ಪಂಚಾಯ್ತಿ, ಅದರ ಮೇಲೆ ತಾಲ್ಲೂಕು ಸಮಿತಿ, ಮೇಲೆ ಶಾಸನಸಭೆ. ದೇಶಕ್ಕೆ ಸ್ವಾತಂತ್ರ್ಯ ಬರುವ ಎಂಟು ವರ್ಷ ಮೊದಲೇ ನಮ್ಮ ಗುಣದಾಳ ಭಾಗದ ರೈತರು ಸ್ವರಾಜ್ಯದ ರುಚಿ ಕಂಡಿದ್ದರು. ಆಟಪಾಡಿಯ ಬಳಿ ಸ್ವತಂತ್ರಪುರ ಎಂಬ ಗೋಡೆಯಿಲ್ಲದ ಸೆರೆಮನೆ ಹುಟ್ಟಿದ್ದೂ ಆಗಲೇ, ವಿ. ಶಾಂತಾರಾಮರ ‘ದೋ ಆಂಖೇ ಬಾರಹ ಹಾಥ್’ ಚಿತ್ರಕ್ಕೆ ಅದೇ ಪ್ರೇರಣೆ.

ಭವಾನರಾವ್ 1951ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಸಂಸ್ಥಾನವಿರಲಿಲ್ಲ, ಆಜ್ಞೆ ಮಾಡುವ ಅಧಿಕಾರವಿರಲಿಲ್ಲ. ಅವರು ಕಲಿಸಿದ ನಮಸ್ಕಾರ ಮಾತ್ರ ಉಳಿಯಿತು. ಆಜ್ಞೆಗಾಗಿ ಮಾಡಿದ್ದು ಆಜ್ಞೆಯ ಜೊತೆಗೆ ಹೋಗುತ್ತದೆ. ಮನೆಗೆ ಒಯ್ದದ್ದು ಉಳಿಯುತ್ತದೆ. ಕಲಿಸುವವನು ಎದುರಿಗೆ ಇಲ್ಲದಾಗಲೂ ನಡೆಯುವುದೇ ಪಾಠ.

ನನ್ನ ನೌಕರಿಯಲ್ಲಿ ಈ ಮಾತಿನ ಬೆಲೆ ನನಗೆ ತಿಳಿದದ್ದು ಹೆಣ್ಣುಮಕ್ಕಳಿಂದ. ಹತ್ತನೆಯ ತರಗತಿ ಮುಗಿದರೆ ಹುಡುಗರಿಗೆ ಮೈದಾನವಿತ್ತು, ತಾಲೀಮು ಇತ್ತು, ಜಾತ್ರೆಯ ಕುಸ್ತಿ ಇತ್ತು. ಖೋಖೋದಲ್ಲಿ ತಾಲ್ಲೂಕನ್ನೇ ಗೆದ್ದ ಹುಡುಗಿಗೆ ಮರುವರ್ಷ ಓಡಲು ಜಾಗವಿರುತ್ತಿರಲಿಲ್ಲ. ಅದಕ್ಕೆ ಕೊನೆಯ ವರ್ಷದ ಹೆಣ್ಣುಮಕ್ಕಳಿಗೆ ನಾನು ತಪ್ಪದೆ ಹತ್ತು ಹಂತದ ನಮಸ್ಕಾರ ಕಲಿಸಿ ಕಳಿಸುತ್ತಿದ್ದೆ. ಅವರಲ್ಲಿ ಒಬ್ಬಳು ಈಗ ತಿಕೋಟಾ ಕಡೆಯ ದ್ರಾಕ್ಷಿ ತೋಟದ ಮನೆಯ ಸೊಸೆ. ಮೊನ್ನೆ ಮದುವೆಯೊಂದರಲ್ಲಿ ಸಿಕ್ಕಾಗ, ಸರ್, ದಿನಾ ಹನ್ನೆರಡು ಹಾಕ್ತೀನ್ರಿ, ಮಗಳು ಎಣಸ್ತಾಳ್ರಿ ಎಂದಳು. ನನಗೆ ಬಂದ ಯಾವ ಪ್ರಶಸ್ತಿಪತ್ರಕ್ಕೂ ಆ ತೂಕವಿಲ್ಲ.

ಹೊಲದಲ್ಲಿ ದುಡಿಯುವ ನಮಗೆ ಮತ್ತೆ ಕಸರತ್ತು ಯಾಕ್ರಿ ಎಂದು ಊರವರು ಕೇಳುತ್ತಾರೆ. ಕೇಳುವ ಮಾತೇ. ದುಡಿತ ಮೈಯನ್ನು ಒಂದೇ ಕಡೆಗೆ ಬಳಸುತ್ತದೆ. ಕಳೆ ತೆಗೆಯುವವರ ಬೆನ್ನು ದಿನವಿಡೀ ಮುಂದಕ್ಕೆ ಬಾಗಿರುತ್ತದೆ; ದ್ರಾಕ್ಷಿ ಚಾಟಣಿ ಮಾಡುವವರ ಕೈ, ಕುತ್ತಿಗೆ ಮೇಲಕ್ಕೇ ಇರುತ್ತವೆ. ನಮಸ್ಕಾರದಲ್ಲಿ ಬೆನ್ನು ಮುಂದಕ್ಕೂ ಬಾಗುತ್ತದೆ, ಹಿಂದಕ್ಕೂ ಬಾಗುತ್ತದೆ. ಮೂರರಿಂದ ಶುರು ಮಾಡಿ ನಿಧಾನವಾಗಿ ಏರಿಸಿದರೆ ಸಾಕು. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಬೆನ್ನುನೋವು ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಮಾಡಬೇಕು.

ವಿಜಯಪುರದಲ್ಲಿ ಈಗ ಜಿಮ್‌ಗಳಿವೆ, ದುಡ್ಡಿದ್ದವರ ಮನೆಗೆ ಟ್ರೇನರೂ ಬರುತ್ತಾರೆ. ಒಳ್ಳೆಯದೇ. ಆದರೆ ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಎಟಕುವ ಮಾತಲ್ಲ. ಅವರಿಗೆ ಚಾಪೆಯಷ್ಟು ಜಾಗ ಎಟಕುತ್ತದೆ. ಸಲಕರಣೆ ಕೊಳ್ಳುವ ಶಕ್ತಿಯಿದ್ದ ಒಬ್ಬ ಅರಸ ಅದನ್ನೆಲ್ಲ ಬದಿಗಿಟ್ಟು ಆರಿಸಿಕೊಂಡದ್ದೂ ಅಷ್ಟೇ ಜಾಗವನ್ನು. ಐವತ್ತು ತುಂಬಿದ ನಮ್ಮ ಶಾಲೆಯ ಮಕ್ಕಳು ಈ ಪಾಠವನ್ನು ಮನೆಗೆ ಒಯ್ಯಲಿ, ಮನೆಯಲ್ಲಿ ತಾಯಂದಿರಿಗೂ ಅಕ್ಕತಂಗಿಯರಿಗೂ ಕಲಿಸಲಿ.