ಕ್ಯಾಮೆರಾದ ಹೊರೆ ಇಳಿಸಿದ ಆಸ್ಕರ್ ಬಾರ್ನಾಕ್

ಊರ ಹೊರಗಿನ ತೋಟಗಳಲ್ಲಿ, ರೆಸಾರ್ಟ್‌ಗಳ ಹುಲ್ಲುಹಾಸಿನ ಮೇಲೆ ಮದುವೆ ನಡೆಸುವುದು ಈಚಿನ ವರ್ಷಗಳ ರೂಢಿ. ಇಂಥ ಬಯಲು ಮದುವೆಗಳಲ್ಲಿ ಛಾಯಾಗ್ರಾಹಕನ ಪಾಡನ್ನು ಗಮನಿಸುವವರು ಕಡಿಮೆ. ಬೆಳಗ್ಗೆ ಕಾಶಿಯಾತ್ರೆಯ ಕೊಡೆಯ ಹಿಂದೆ ಓಡಬೇಕು, ಧಾರೆಯ ಹೊತ್ತಿಗೆ ಮಂಟಪದ ಮಗ್ಗುಲಲ್ಲಿರಬೇಕು, ನಡುಹಗಲ ಬಿಸಿಲಿನಲ್ಲಿ ಊಟದ ಪಂಕ್ತಿಗಳನ್ನು ಸುತ್ತಬೇಕು. ಕೊರಳಲ್ಲಿ ಎರಡು ಕ್ಯಾಮೆರಾ, ಅದರಲ್ಲೊಂದಕ್ಕೆ ಒಂದೂವರೆ ಕಿಲೋ ತೂಗುವ ಲೆನ್ಸ್. ಸಂಜೆಯ ಆರತಕ್ಷತೆ ಆರಂಭವಾಗುವ ಮುನ್ನವೇ ಹೆಗಲು ಸೋತಿರುತ್ತದೆ. ಯಾವ ಸಲಕರಣೆ ಹಗುರ, ಹಗುರವಾದಷ್ಟೂ ಚಿತ್ರದ ಗುಣಮಟ್ಟ ಎಷ್ಟು ಕುಂದೀತು ಎಂಬ ಲೆಕ್ಕಾಚಾರ ಈ ವೃತ್ತಿಯವರಲ್ಲಿ ಸದಾ ನಡೆದೇ ಇರುತ್ತದೆ.

ಇದೇ ಲೆಕ್ಕವನ್ನು ಶತಮಾನಕ್ಕೂ ಹಿಂದೆ ಹಾಕಿದಾತ ಜರ್ಮನಿಯ ಒಬ್ಬ ಮೆಕ್ಯಾನಿಕ್. ಹೆಸರು ಆಸ್ಕರ್ ಬಾರ್ನಾಕ್. ಆತನನ್ನು ಈ ಲೆಕ್ಕಕ್ಕೆ ಎಳೆದದ್ದು ಉಬ್ಬಸ.

ಬಾರ್ನಾಕ್ ಹುಟ್ಟಿದ್ದು 1879ರ ನವೆಂಬರ್ 1ರಂದು, ಬ್ರಾಂಡೆನ್‌ಬರ್ಗ್ ಪ್ರಾಂತದ ಲೀನೋ ಎಂಬ ಪುಟ್ಟ ಹಳ್ಳಿಯಲ್ಲಿ. ಬಾಲ್ಯ ಕಳೆದದ್ದು ಬರ್ಲಿನ್ ಸಮೀಪದ ಲಿಖ್ಟರ್‌ಫೆಲ್ಡೆಯಲ್ಲಿ. ಅಲ್ಲಿಯೇ ಖಗೋಳ ವೀಕ್ಷಣೆಯ ಉಪಕರಣಗಳನ್ನು ತಯಾರಿಸುವ ಕಾರ್ಯಾಗಾರವೊಂದರಲ್ಲಿ ಕಸುಬು ಕಲಿತ. ವಿಶ್ವವಿದ್ಯಾಲಯದ ಪದವಿಯಿಲ್ಲ. ಲೋಹವನ್ನು ಕೂದಲೆಳೆಯಷ್ಟು ನಿಖರವಾಗಿ ಕಡೆದು ತಿದ್ದಬಲ್ಲ ಕೈಯೇ ಆತನ ಬಂಡವಾಳ. 1902ರಲ್ಲಿ ಯೇನಾ ನಗರದ ಪ್ರಸಿದ್ಧ ಕಾರ್ಲ್ ಝೈಸ್ ಸಂಸ್ಥೆಯನ್ನು ಸೇರಿದ.

ಯೇನಾದ ಆಸುಪಾಸಿನಲ್ಲೇ ಥುರಿಂಜಿಯಾದ ಕಾಡುಗಳಿವೆ. ಬಿಡುವು ದೊರೆತಾಗ ಆ ಬೆಟ್ಟಗಳಲ್ಲಿ ಅಲೆಯುವುದು, ಕಂಡದ್ದನ್ನು ಚಿತ್ರವಾಗಿಸುವುದು ಬಾರ್ನಾಕ್‌ಗೆ ಬಲು ಪ್ರಿಯವಾದ ಹವ್ಯಾಸ. ಆದರೆ ಆ ಕಾಲದ ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ, ಚರ್ಮದ ತಿದಿ, ಮುಕ್ಕಾಲಿ. ಫಿಲ್ಮಿನ ಬದಲು 13×18 ಸೆಂಟಿಮೀಟರ್ ಅಳತೆಯ ಗಾಜಿನ ಫಲಕಗಳು. ಡಜನ್ ಫಲಕಗಳನ್ನು ಚೀಲಕ್ಕೆ ಹಾಕಿದರೆ ಅವೇ ಒಂದು ಕಿಲೋ ಮೀರುತ್ತಿದ್ದವು. ಇಷ್ಟನ್ನು ಬೆನ್ನಿಗೇರಿಸಿ ಏರು ಹತ್ತುವುದು ಗಟ್ಟಿಮುಟ್ಟಾದವರಿಗೇ ಪ್ರಯಾಸ. ಉಬ್ಬಸದ ಬಾರ್ನಾಕ್‌ಗೆ ಹೆಜ್ಜೆಹೆಜ್ಜೆಗೂ ಉಸಿರು ಕಟ್ಟುತ್ತಿತ್ತು. ಒಂದೋ ಬೆಟ್ಟ ಬಿಡಬೇಕು, ಇಲ್ಲವೇ ಕ್ಯಾಮೆರಾ ಬಿಡಬೇಕು. ಎರಡನ್ನೂ ಬಿಡಲು ಆತನಿಗೆ ಮನಸ್ಸಿರಲಿಲ್ಲ.

1905ರ ಸುಮಾರಿಗೆ ಆತನಿಗೊಂದು ಉಪಾಯ ಹೊಳೆಯಿತು. ನೆಗೆಟಿವ್ ಚಿಕ್ಕದಾಗಿರಲಿ, ಪ್ರತಿಯನ್ನು ಆಮೇಲೆ ಹಿಗ್ಗಿಸಿಕೊಂಡರಾಯಿತು! ಕೇಳಲು ಸರಳ. ಒಂದೇ ಗಾಜಿನ ಫಲಕದ ಮೇಲೆ ಹದಿನೈದಿಪ್ಪತ್ತು ಚಿಕ್ಕ ಚಿತ್ರಗಳನ್ನು ತೆಗೆದು ನೋಡಿದ. ಹಿಗ್ಗಿಸಿದಾಗ ಚಿತ್ರದ ಬದಲು ಮರಳಿನಂತಹ ಕಣಗಳೇ ಎದ್ದು ಕಂಡವು. ಯೋಚನೆ ಸರಿಯಿತ್ತು, ಅದನ್ನು ಹೊರಬಲ್ಲ ಮಾಧ್ಯಮ ಕೈಯಲ್ಲಿರಲಿಲ್ಲ. ಪ್ರಯೋಗ ಅಲ್ಲಿಗೇ ನಿಂತಿತು.

ಮುಂದಿನ ತಿರುವು ದೊರೆತದ್ದು ಕೆಲಸ ಬದಲಾದಾಗ. ಝೈಸ್‌ನಲ್ಲಿ ಸಹೋದ್ಯೋಗಿಯಾಗಿದ್ದ ಎಮಿಲ್ ಮೆಖೌ ಆ ವೇಳೆಗೆ ವೆಟ್ಸ್‌ಲರ್ ಪಟ್ಟಣದ ಅರ್ನ್ಸ್ಟ್ ಲೈಟ್ಸ್ ಸಂಸ್ಥೆಯಲ್ಲಿ ಸಿನಿಮಾ ಪ್ರೊಜೆಕ್ಟರ್ ರೂಪಿಸುತ್ತಿದ್ದ. ಆತನ ಶಿಫಾರಸಿನಂತೆ 1911ರ ಜನವರಿಯಲ್ಲಿ ಬಾರ್ನಾಕ್ ಅಲ್ಲಿನ ಪ್ರಯೋಗ ವಿಭಾಗದ ಹೊಣೆ ಹೊತ್ತ. ಲೈಟ್ಸ್ ಸಂಸ್ಥೆ ಖ್ಯಾತವಾಗಿದ್ದುದು ಸೂಕ್ಷ್ಮದರ್ಶಕಗಳಿಗೆ, ಕ್ಯಾಮೆರಾಗಳಿಗಲ್ಲ. ಅದೇ ಒಳಿತಾಯಿತೇನೋ. ಕ್ಯಾಮೆರಾ ಹೀಗೆಯೇ ಇರಬೇಕೆಂದು ಅಲ್ಲಿ ಹೇಳುವವರಿರಲಿಲ್ಲ.

ಸಿನಿಮಾ ಫಿಲ್ಮಿನ ಒಡನಾಟದಿಂದ ಬಾರ್ನಾಕ್‌ಗೆ ಬೇಕಾದ ಮಾಧ್ಯಮ ಸಿಕ್ಕಿತು. 35 ಮಿಲಿಮೀಟರ್ ಅಗಲದ, ಎರಡೂ ಅಂಚುಗಳಲ್ಲಿ ರಂಧ್ರಗಳುಳ್ಳ ಆ ಫಿಲ್ಮು ಗಾಜಿನಂತೆ ಭಾರವಲ್ಲ, ಒಡೆಯುವುದೂ ಇಲ್ಲ. ಆದರೆ ಸಿನಿಮಾದ ಚೌಕಟ್ಟು ಕೇವಲ 18×24 ಮಿ.ಮೀ.; ಸ್ಥಿರಚಿತ್ರಕ್ಕೆ ಅದು ಸಾಲದು. ಫಿಲ್ಮನ್ನು ಮೇಲಿಂದ ಕೆಳಕ್ಕೆ ಓಡಿಸುವ ಬದಲು ಅಡ್ಡಲಾಗಿ ಓಡಿಸಿ, ಎರಡು ಚೌಕಟ್ಟುಗಳನ್ನು ಜೋಡಿಸಿ ಒಂದಾಗಿಸಿದ. ಹಾಗೆ ಹುಟ್ಟಿದ ಅಳತೆಯೇ 24×36 ಮಿ.ಮೀ. ಹಳೆಯ ಗಾಜಿನ ಫಲಕಕ್ಕೆ ಹೋಲಿಸಿದರೆ ಇದರ ವಿಸ್ತೀರ್ಣ ಇಪ್ಪತ್ತೇಳರಲ್ಲಿ ಒಂದು ಪಾಲು ಮಾತ್ರ.

ಇಪ್ಪತ್ತಾರು ಪಾಲನ್ನು ಬಿಟ್ಟುಕೊಟ್ಟವನು ಉಳಿದ ಒಂದು ಪಾಲನ್ನು ಎಷ್ಟು ಜತನ ಮಾಡಬೇಕು! ಬಾರ್ನಾಕ್‌ನ ನಿಜವಾದ ಹಿರಿಮೆ ಇರುವುದು ಇಲ್ಲಿಯೇ ಎಂದು ಈ ವರದಿಗಾರನ ಅನಿಸಿಕೆ. ಪೆಟ್ಟಿಗೆಯನ್ನು ಕುಗ್ಗಿಸುವುದು ಯಾರಿಗೂ ಸಾಧ್ಯವಿತ್ತು. ಚಿಕ್ಕ ಕ್ಯಾಮೆರಾಗಳು ಅದಕ್ಕೆ ಮೊದಲೂ ಇದ್ದವು. ಆದರೆ ಚಿಕ್ಕ ನೆಗೆಟಿವ್‌ನಲ್ಲಿ ಫಿಲ್ಮು ತುಸು ಬಾಗಿದರೂ, ಲೆನ್ಸು ತುಸು ಮಂಕಾದರೂ, ಆ ದೋಷವೂ ಚಿತ್ರದೊಂದಿಗೆ ಹಿಗ್ಗುತ್ತದೆ. ಆದ್ದರಿಂದ ಫಿಲ್ಮು ಸಮತಟ್ಟಾಗಿ ನಿಲ್ಲುವ ಬಗೆ, ಬಟ್ಟೆಯ ಪರದೆಯ ಶಟರ್, ಗುಬುಟು ತಿರುಗಿಸಿದೊಡನೆ ಫಿಲ್ಮು ಸರಿದು ಶಟರ್ ಕೂಡ ಸಜ್ಜಾಗುವ ಜೋಡಣೆ, ಇವೆಲ್ಲವನ್ನೂ ಸೂಕ್ಷ್ಮದರ್ಶಕದ ನಿಖರತೆಯಲ್ಲಿ ರೂಪಿಸಬೇಕಾಯಿತು. ಒಂದರ ಮೇಲೊಂದು ಚಿತ್ರ ಬೀಳುವ ಅಪಾಯ ಆ ಜೋಡಣೆಯಿಂದ ತಪ್ಪಿತು.

ಮೊದಲ ಮಾದರಿ 1913-14ರ ವೇಳೆಗೆ ಸಿದ್ಧವಾಯಿತು. ಕೋಟಿನ ಜೇಬಿನಲ್ಲಿ ಹಿಡಿಯುವ ಅದನ್ನು ಹಿಡಿದು ಬಾರ್ನಾಕ್ ವೆಟ್ಸ್‌ಲರ್‌ನ ಬೀದಿಗಳಲ್ಲಿ ಅಡ್ಡಾಡಿದ. ಪಟ್ಟಣದ ಹಳೆಯ ಮಾರುಕಟ್ಟೆ ಚೌಕ, ಮನೆಯ ಮಕ್ಕಳು, 1914ರ ಆಗಸ್ಟಿನಲ್ಲಿ ಯುದ್ಧಕ್ಕೆ ಸೈನ್ಯ ಸೇರಿಸುವ ಆಜ್ಞೆ ಹೊರಬಿದ್ದಾಗಿನ ಬೀದಿ, 1920ರ ಪ್ರವಾಹದಲ್ಲಿ ಮುಳುಗಿದ ಓಣಿಗಳು ಆತನ ಫಿಲ್ಮಿನಲ್ಲಿ ಉಳಿದಿವೆ. ನೆರೆನೀರಿನ ನಡುವೆ ಮುಕ್ಕಾಲಿ ಊರಿ, ಕಪ್ಪು ಬಟ್ಟೆ ಹೊದ್ದು ನಿಲ್ಲುವ ಛಾಯಾಗ್ರಾಹಕನಿಗೆ ದಕ್ಕದ ಚಿತ್ರಗಳು ಅವು. ಮಾಲೀಕ ಅರ್ನ್ಸ್ಟ್ ಲೈಟ್ಸ್‌ರ ಮಗ, ಅದೇ ಹೆಸರಿನ ಎರಡನೆಯ ಲೈಟ್ಸ್, 1914ರಲ್ಲಿ ಈ ಕ್ಯಾಮೆರಾವನ್ನು ಅಮೆರಿಕಕ್ಕೂ ಒಯ್ದಿದ್ದ.

ಆದರೆ ಮಹಾಯುದ್ಧ ಎಲ್ಲವನ್ನೂ ತಡೆಯಿತು. ಯುದ್ಧಾನಂತರದ ಜರ್ಮನಿಯಲ್ಲಿ ಹಣದುಬ್ಬರ ತಾರಕಕ್ಕೇರಿ, 1923ರ ವೇಳೆಗೆ ನೋಟಿನ ಕಂತೆಗೂ ಬೆಲೆಯಿರಲಿಲ್ಲ. ಆ ವರ್ಷ ಇಪ್ಪತ್ತಕ್ಕೂ ಹೆಚ್ಚು ಮಾದರಿ ಕ್ಯಾಮೆರಾಗಳನ್ನು ಕೈಯಿಂದಲೇ ಜೋಡಿಸಿ ಪರೀಕ್ಷೆಗೆಂದು ಹಂಚಲಾಯಿತು. ಬಂದ ಅಭಿಪ್ರಾಯಗಳು ಅಷ್ಟೇನೂ ಉತ್ತೇಜಕವಾಗಿರಲಿಲ್ಲ. ಅಂಚೆಚೀಟಿಗಿಂತ ತುಸು ದೊಡ್ಡದಾದ ನೆಗೆಟಿವ್ ಅನ್ನು ನುರಿತವರು ನಂಬುವುದಾದರೂ ಹೇಗೆ? ಅಲ್ಲದೆ ಫಿಲ್ಮನ್ನು ಮುಂದಕ್ಕೆ ಸರಿಸುವಾಗಲೆಲ್ಲ ಲೆನ್ಸಿಗೆ ಮುಚ್ಚಳ ಹಾಕಬೇಕಿತ್ತು. ಮರೆತರೆ ಚಿತ್ರ ಹಾಳು.

1924ರ ಜೂನ್ ತಿಂಗಳಿನಲ್ಲಿ ಸಂಸ್ಥೆಯಲ್ಲಿ ನಿರ್ಣಾಯಕ ಸಭೆ ಸೇರಿತು. ಹಿರಿಯ ಲೈಟ್ಸ್ 1920ರಲ್ಲೇ ತೀರಿಕೊಂಡಿದ್ದರಿಂದ ನಿರ್ಧಾರ ಮಗನದಾಗಿತ್ತು. ಮಾರುಕಟ್ಟೆ ಬಲ್ಲವರು ಬೇಡವೆಂದರು. ಸೂಕ್ಷ್ಮದರ್ಶಕದ ವ್ಯಾಪಾರವೇ ಕುಂದಿರುವಾಗ ಯಾರೂ ಕೇಳದ ಹೊಸ ವಸ್ತುವಿಗೆ ಹಣ ಸುರಿಯುವುದು ದುಸ್ಸಾಹಸವೆಂಬ ವಾದ ತಳ್ಳಿಹಾಕುವಂಥದ್ದಲ್ಲ. ಹೊಸದೇನನ್ನೂ ಮಾಡದಿದ್ದರೆ ಕೆಲಸಗಾರರಿಗೆ ಕೆಲಸವಿಲ್ಲ ಎಂಬುದೂ ಅಷ್ಟೇ ನಿಜ. ಎಲ್ಲರ ಮಾತು ಆಲಿಸಿದ ಲೈಟ್ಸ್ ಅಪಾಯವನ್ನು ಮೈಮೇಲೆ ಎಳೆದುಕೊಂಡ. ಉತ್ಪಾದನೆ ಆರಂಭವಾಗಲೆಂದು ಆಜ್ಞಾಪಿಸಿದ. ಹತ್ತು ವರ್ಷ ಕಪಾಟಿನಲ್ಲಿದ್ದ ಬಾರ್ನಾಕ್‌ನ ಕನಸಿಗೆ ಅಂದು ಜೀವ ಬಂತು.

1925ರ ವಸಂತದಲ್ಲಿ, ಲೈಪ್ಜಿಗ್ ನಗರದ ವಾರ್ಷಿಕ ವ್ಯಾಪಾರ ಮೇಳದಲ್ಲಿ ಕ್ಯಾಮೆರಾ ಜನರೆದುರು ಬಂತು. ಲೈಟ್ಸ್ ಮತ್ತು ಕ್ಯಾಮೆರಾ ಎಂಬ ಎರಡು ಪದಗಳನ್ನು ಬೆಸೆದು ಅದಕ್ಕೆ ಲೈಕಾ ಎಂದು ಹೆಸರಿಟ್ಟಿದ್ದರು. ಮುಚ್ಚಳದ ತಾಪತ್ರಯ ತೊಲಗಿತ್ತು. ಸೆಕೆಂಡಿನ 20ನೇ ಒಂದರಿಂದ 500ನೇ ಒಂದು ಭಾಗದವರೆಗೆ ಶಟರ್ ವೇಗ ಲಭ್ಯವಿತ್ತು. ಸಂಸ್ಥೆಯ ದೃಗ್ವಿಜ್ಞಾನಿ ಮ್ಯಾಕ್ಸ್ ಬೆರೆಕ್ ಈ ಚಿಕ್ಕ ಚೌಕಟ್ಟಿಗೆಂದೇ 50 ಮಿ.ಮೀ. ಲೆನ್ಸನ್ನು ಲೆಕ್ಕ ಹಾಕಿ ರೂಪಿಸಿದ್ದ. ಬಳಸದಿದ್ದಾಗ ಅದು ಕ್ಯಾಮೆರಾದ ಒಡಲೊಳಕ್ಕೆ ಸರಿದು ಕೂರುತ್ತಿತ್ತು. ಬೆರೆಕ್‌ನ ಆ ಲೆನ್ಸ್ ಇಲ್ಲದಿದ್ದರೆ ಬಾರ್ನಾಕ್‌ನ ಶ್ರಮವೆಲ್ಲ ಮಸುಕು ಚಿತ್ರಗಳಲ್ಲಿ ಕೊನೆಗಾಣುತ್ತಿತ್ತು.

ಒಂದು ಸುರುಳಿಗೆ 36 ಚಿತ್ರ. ಬಾರ್ನಾಕ್ ಎರಡೂ ತೋಳು ಚಾಚಿ ಅಳೆದಷ್ಟು ಉದ್ದದ ಫಿಲ್ಮಿನಲ್ಲಿ ಅಷ್ಟೇ ಹಿಡಿಸಿತೆಂಬ ಕತೆ ಪ್ರಚಲಿತದಲ್ಲಿದೆ. ಸೊಗಸಾದ ಕತೆ, ಪುರಾವೆ ಕೇಳಬಾರದಷ್ಟೇ.

ಬೆರೆಕ್‌ನ ಲೆನ್ಸಿನ ದ್ಯುತಿರಂಧ್ರ ಎಫ್ 3.5, ಆ ಕಾಲದ ಫಿಲ್ಮುಗಳೋ ನಿಧಾನದವು. ಹಾಗಾಗಿ ಆರಂಭದ ಲೈಕಾ ನಿಜಕ್ಕೂ ಬಯಲಿನ ಕ್ಯಾಮೆರಾ, ಹಗಲ ಬೆಳಕಿನ ಕ್ಯಾಮೆರಾ. ಅಲ್ಲಿಯವರೆಗೆ ಮದುವೆಯ ಚಿತ್ರವೆಂದರೆ ಸ್ಟುಡಿಯೋದ ಪರದೆಯೆದುರು ಉಸಿರು ಬಿಗಿಹಿಡಿದ ವಧೂವರರು, ಇಲ್ಲವೇ ಅಂಗಳದಲ್ಲಿ ಸಾಲಾಗಿ ನಿಂತ ನೆಂಟರಿಷ್ಟರು. ಜನರೇ ಕ್ಯಾಮೆರಾದ ಬಳಿಗೆ ಬರುತ್ತಿದ್ದರು. ಕ್ಯಾಮೆರಾ ಹಗುರವಾದ ಮೇಲೆ ಅದೇ ಜನರ ಬಳಿಗೆ ಹೋಯಿತು. ನಗು ಉಕ್ಕಿದಾಗ, ಕಣ್ಣೀರು ಜಿನುಗಿದಾಗ, ಯಾರೂ ತನ್ನನ್ನು ಗಮನಿಸದಿದ್ದಾಗ. 1932ರಲ್ಲಿ ಲೈಕಾ ಕೈಗೆತ್ತಿಕೊಂಡ ಫ್ರಾನ್ಸಿನ ಹೆನ್ರಿ ಕಾರ್ಟಿಯೇ ಬ್ರೆಸಾನ್ ಇದನ್ನು ಕಲೆಯಾಗಿಸಿದ. 1948ರಲ್ಲಿ ಗಾಂಧೀಜಿಯವರ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯ ಜನಸಾಗರವನ್ನೂ ಆತ ಸೆರೆಹಿಡಿದದ್ದು ಇದೇ ಬಗೆಯ ಪುಟ್ಟ ಕ್ಯಾಮೆರಾದಲ್ಲಿ.

ಬಾರ್ನಾಕ್ ಮಾತ್ರ ಕಾರ್ಯಾಗಾರ ಬಿಟ್ಟು ಕದಲಲಿಲ್ಲ. 1930ರಲ್ಲಿ ಲೆನ್ಸ್ ಬದಲಿಸುವ ಅನುಕೂಲ ಬಂತು. ಮೊದಲ ಲೈಕಾದಲ್ಲಿ ದೂರವನ್ನು ಕಣ್ಣಂದಾಜಿನಲ್ಲೇ ಅಳೆಯಬೇಕಿತ್ತು. 1932ರಲ್ಲಿ ದೂರಮಾಪಕ ಕ್ಯಾಮೆರಾದೊಳಗೇ ಸೇರಿ, ಲೆನ್ಸ್ ತಿರುಗಿಸುತ್ತ ಫೋಕಸ್ ಕಾಣುವಂತಾಯಿತು. ಮರುವರ್ಷ ನಿಧಾನಗತಿಯ ಶಟರ್ ಕೂಡಿಕೊಂಡಿತು. ಉಬ್ಬಸ ಕೊನೆಯವರೆಗೂ ಬೆನ್ನು ಬಿಡಲಿಲ್ಲ. 1936ರ ಜನವರಿ 16ರಂದು ಬಾಡ್ ನೌಹೈಮ್ ಎಂಬಲ್ಲಿ ಆತ ಕೊನೆಯುಸಿರೆಳೆದಾಗ ವಯಸ್ಸು 56.

ಫಿಲ್ಮು ಮರೆಯಾದರೂ ಆತನ ಅಳತೆ ಮರೆಯಾಗಿಲ್ಲ. ಇಂದು ಮದುವೆ ಛಾಯಾಗ್ರಾಹಕರ ಬಾಯಲ್ಲಿ ಸದಾ ಕೇಳುವ ಫುಲ್ ಫ್ರೇಮ್ ಎಂದರೆ ಬಾರ್ನಾಕ್ ಗೊತ್ತುಮಾಡಿದ ಅದೇ 24×36 ಮಿ.ಮೀ. ಆತ ಎದುರಿಸಿದ ಆಯ್ಕೆಯೂ ಹಾಗೆಯೇ ಉಳಿದಿದೆ. 2016ರ ಕ್ಯಾನನ್ 5ಡಿ ಮಾರ್ಕ್ 4 ತೂಗುವುದು 890 ಗ್ರಾಂ. ಒಳಗನ್ನಡಿಯನ್ನೇ ಕಿತ್ತುಹಾಕಿದ 2013ರ ಸೋನಿ ಎ7 ಅದೇ ಅಳತೆಯ ಸಂವೇದಕವನ್ನು 474 ಗ್ರಾಂಗೆ ಇಳಿಸಿತ್ತು. ಆದರೆ ಲೆನ್ಸಿನ ಭಾರ ಕನ್ನಡಿಯೊಂದಿಗೆ ಹೋಗದು. ಅದನ್ನೂ ಇಳಿಸಬೇಕೆಂದರೆ 2008ರಲ್ಲಿ ಬಂದ ಮೈಕ್ರೋ ಫೋರ್ ಥರ್ಡ್ಸ್‌ನಂಥ ಚಿಕ್ಕ ಸಂವೇದಕಕ್ಕೆ, ಅಂದರೆ ಫುಲ್ ಫ್ರೇಮಿನ ಕಾಲು ಭಾಗದಷ್ಟಕ್ಕೆ ಒಪ್ಪಿಕೊಳ್ಳಬೇಕು. ಬಯಲ ಬಿಸಿಲಿನಲ್ಲಿ ನಡೆಯುವ ಧಾರೆಗೆ ಅದು ಧಾರಾಳ. ಸೂರ್ಯ ಮುಳುಗಿದ ಮೇಲೆ, ದೀಪದ ಸರಗಳ ಬೆಳಕಿನ ಆರತಕ್ಷತೆಯಲ್ಲಿ ಕೊರತೆ ಕಾಣತೊಡಗುತ್ತದೆ. ಆಗ ಹೆಚ್ಚು ಬೆಳಕು ಹೀರುವ 50 ಮಿ.ಮೀ.ಯಂಥ ಚಿಕ್ಕ ಲೆನ್ಸೊಂದು ಚೀಲದಲ್ಲಿದ್ದರೆ ಅನುಕೂಲ. ಇನ್ನೊಂದು ಎಚ್ಚರ: ಹಗುರ ಕ್ಯಾಮೆರಾಗಳಲ್ಲಿ ಹಲವಕ್ಕೆ ಮೆಮೊರಿ ಕಾರ್ಡ್ ಹಾಕಲು ಒಂದೇ ಕಿಂಡಿ. ಕಾರ್ಡ್ ಕೆಟ್ಟಿತೆಂದು ತಾಳಿಯನ್ನು ಮತ್ತೊಮ್ಮೆ ಕಟ್ಟಿಸಲಾದೀತೇ?

ಬಾರ್ನಾಕ್ ತನ್ನ ಸ್ವಂತ ಬಳಕೆಗೆ ಇಟ್ಟುಕೊಂಡಿದ್ದ, ಆತನ ಹೆಸರು ಕೆತ್ತಿದ 105ನೇ ಸಂಖ್ಯೆಯ ಕ್ಯಾಮೆರಾ ಪರೀಕ್ಷೆಗೆಂದು ತಯಾರಾದ ಆ ಮೊದಲ ತಂಡಕ್ಕೆ ಸೇರಿದ್ದು. 2022ರ ಜೂನ್‌ನಲ್ಲಿ ವೆಟ್ಸ್‌ಲರ್‌ನಲ್ಲೇ ನಡೆದ ಹರಾಜಿನಲ್ಲಿ ಅದು 144 ಲಕ್ಷ ಯೂರೋಗೆ ಮಾರಾಟವಾಯಿತು. ಫಿಲ್ಮು ಸರಿಸುವಾಗ ಲೆನ್ಸಿಗೆ ಮುಚ್ಚಳ ಹಾಕಲು ಮರೆಯಬಾರದಾಗಿದ್ದ ಕ್ಯಾಮೆರಾ ಅದು.