ಮಾಣಿಗಳನ್ನು ಒಡೆಯರನ್ನಾಗಿಸಿದ ಎ.ಕೆ. ಗೋಪಾಲನ್

ಗಚ್ಚಿಬೌಲಿಯ ಗಗನಚುಂಬಿ ಕಚೇರಿಗಳ ನೆರಳಿನಲ್ಲಿ ನಸುಕಿಗೇ ಎದ್ದು ಇಡ್ಲಿಯ ಪಾತ್ರೆಯನ್ನು ಒಲೆಗೇರಿಸುವ ನಮ್ಮವರ ಮನಸ್ಸಿನಲ್ಲಿಯೂ, ಅದೇ ಕಚೇರಿಗಳಲ್ಲಿ ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳ ಮನಸ್ಸಿನಲ್ಲಿಯೂ ಒಂದು ಪ್ರಶ್ನೆ ಆಗಾಗ ಏಳುವುದುಂಟು. ದುಡಿಯುವವನು ತಾನು ದುಡಿಯುವ ಅಂಗಡಿಗೆ ತಾನೇ ಒಡೆಯನಾಗಲು ಸಾಧ್ಯವೇ? ಈ ಪ್ರಶ್ನೆಗೆ 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಒಂದು ಉತ್ತರ ದೊರೆಯಿತು. ಆ ಉತ್ತರದ ಹಿಂದೆ ನಿಂತಿದ್ದವರು ಆಯಿಲ್ಯತ್ ಕುಟ್ಟಿಯಾರಿ ಗೋಪಾಲನ್, ಅರ್ಥಾತ್ ಎ.ಕೆ.ಜಿ. ಅವರ ಬಾಳಿನ ಕಥೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಗೋಪಾಲನ್ ಅವರು 1904ರ ಅಕ್ಟೋಬರ್ 1ರಂದು ಉತ್ತರ ಮಲಬಾರಿನ ಕಣ್ಣೂರು ಸೀಮೆಯಲ್ಲಿ ಜನಿಸಿದರು. ಮೊದಲಿಗೆ ಶಾಲಾ ಉಪಾಧ್ಯಾಯರಾದರು. 1930ರ ಉಪ್ಪಿನ ಸತ್ಯಾಗ್ರಹ ಅವರನ್ನು ಶಾಲೆಯಿಂದ ಸೆರೆಮನೆಗೆ ಕೊಂಡೊಯ್ದಿತು. ದೇವಾಲಯವು ಎಲ್ಲ ಹಿಂದೂಗಳಿಗೂ ತೆರೆಯಬೇಕೆಂದು ನಡೆದ ಗುರುವಾಯೂರು ಸತ್ಯಾಗ್ರಹದಲ್ಲಿ ಸ್ವಯಂಸೇವಕರ ನಾಯಕರಾಗಿ ಪೆಟ್ಟು ತಿಂದರು. 1936ರಲ್ಲಿ ಹಸಿದವರ ಮೆರವಣಿಗೆಯೊಂದನ್ನು ಮಲಬಾರಿನಿಂದ ಮದರಾಸಿನವರೆಗೆ ಕಾಲ್ನಡಿಗೆಯಲ್ಲಿ ಮುನ್ನಡೆಸಿದರು. ಮುಂದೆ ಕಾಂಗ್ರೆಸ್ಸನ್ನು ಬಿಟ್ಟು ಕಮ್ಯುನಿಸ್ಟ್ ಪಕ್ಷವನ್ನು ಸೇರಿ, 1941ರಲ್ಲಿ ವೆಲ್ಲೂರು ಸೆರೆಮನೆಯಿಂದ ತಪ್ಪಿಸಿಕೊಂಡು ಭೂಗತರಾದರು. 1947ರ ಆಗಸ್ಟ್ 15ರಂದು ದೇಶವೆಲ್ಲ ಹಬ್ಬವಾಚರಿಸುತ್ತಿದ್ದಾಗಲೂ ಅವರು ಕಂಬಿಗಳ ಹಿಂದೆಯೇ ಇದ್ದರು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ 1950ರಲ್ಲಿ ಸೋತರೂ ಅವರ ಹೆಸರಿನ ಆ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 1952ರಲ್ಲಿ ಲೋಕಸಭೆಗೆ ಆಯ್ಕೆಯಾದರು.

ಇನ್ನು ಕಾಫಿಯ ಸಂಗತಿ. ಭಾರತದ ಕಾಫಿಗೆ ದೇಶದೊಳಗೇ ಗಿರಾಕಿಗಳನ್ನು ಹುಟ್ಟಿಸುವುದಕ್ಕಾಗಿ 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಕಾಫಿ ಬೋರ್ಡಿನ ಆಡಳಿತದಲ್ಲಿ ಇಂತಹ ಕಾಫಿ ಹೌಸುಗಳು ಊರೂರಿಗೆ ಹಬ್ಬಿದವು. ಆದರೆ 1950ರ ದಶಕದ ನಡುವೆ ಬೋರ್ಡು ಅವುಗಳನ್ನು ಮುಚ್ಚಲು ನಿಶ್ಚಯಿಸಿ ನೌಕರರನ್ನು ಮನೆಗೆ ಕಳುಹಿಸತೊಡಗಿತು. ತಲೆಗೆ ಪೇಟ ಸುತ್ತಿ ಬಡಿಸುತ್ತಿದ್ದ ಮಾಣಿ, ಅಡಿಗೆಯವ, ಕ್ಲೀನರ್ ಎಲ್ಲರೂ ಬೀದಿಗೆ ಬೀಳುವ ಸ್ಥಿತಿಯೊದಗಿತು. ಪರಿಹಾರದ ಹಣಕ್ಕಾಗಿ ಹೋರಾಡಿ ಚದುರಿಹೋಗುವುದು ಒಂದು ದಾರಿಯಾಗಿತ್ತು. ಗೋಪಾಲನ್ ಅವರು ತೋರಿದ್ದು ಬೇರೊಂದು ದಾರಿ: ನೌಕರರೇ ಸಹಕಾರಿ ಸಂಘ ಕಟ್ಟಿ ಕಾಫಿ ಹೌಸುಗಳನ್ನು ವಹಿಸಿಕೊಳ್ಳುವುದು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಅಂತಹ ಮೊದಲ ಸಂಘ ಸ್ಥಾಪಿತವಾಯಿತು. ಅದೇ ಡಿಸೆಂಬರ್ 27ರಂದು ದೆಹಲಿಯಲ್ಲಿ ನೌಕರರ ಕಾಫಿ ಹೌಸ್ ತೆರೆಯಿತು. 1958ರಲ್ಲಿ ತ್ರಿಶೂರಿನಲ್ಲಿ ಆರಂಭವಾಯಿತು. ಜಬಲಪುರದ ಸಂಘವೂ ದೊಡ್ಡದಾಗಿ ಬೆಳೆಯಿತು.

ಈ ಸಂಘಗಳ ಜೀವಾಳವಾವುದು? ಕಂಪನಿಯಲ್ಲಿ ಮತವು ಷೇರಿಗೆ ಸಲ್ಲುತ್ತದೆ. ಸಾವಿರ ಷೇರುಳ್ಳವನಿಗೆ ಸಾವಿರ ಮತ. ಸಹಕಾರಿ ಸಂಘದಲ್ಲಿ ಮತವು ಮನುಷ್ಯನಿಗೆ ಸಲ್ಲುತ್ತದೆ. ತಟ್ಟೆ ತೊಳೆಯುವವನಿಗೂ ಒಂದು, ಗಲ್ಲಾದಲ್ಲಿ ಕುಳಿತವನಿಗೂ ಒಂದು. ಆಡಳಿತ ಮಂಡಲಿಯನ್ನು ನೌಕರ ಸದಸ್ಯರೇ ಚುನಾಯಿಸುತ್ತಾರೆ. ವರ್ಷದ ಲೆಕ್ಕವು ಪರಿಶೋಧನೆಗೊಂಡು ಮಹಾಸಭೆಯ ಮುಂದೆ ಬರಬೇಕು. ಗಮನಿಸತಕ್ಕ ಸಂಗತಿಯೆಂದರೆ, ಆ ಹೋಟೆಲುಗಳ ಒಡೆತನವು ಗೋಪಾಲನ್ ಅವರ ಹೆಸರಿಗಾಗಲಿ ಅವರ ಪಕ್ಷದ ಹೆಸರಿಗಾಗಲಿ ಬರಲಿಲ್ಲ. ಅದು ಸಂಘದ ಹೆಸರಿನಲ್ಲಿಯೇ ನಿಂತಿತು. ಮುಂದಾಳು ದಾರಿ ತೋರಿ ಬದಿಗೆ ಸರಿಯದಿದ್ದರೆ ಸಂಘವು ಅವನ ಖಾಸಗಿ ಸ್ವತ್ತಾಗಲು ತಡವಾಗದು.

ಕಾಸರಗೋಡಿನ ವಾಚಕರಿಗೆ ಈ ಹೆಸರು ಬೇರೊಂದು ನೆನಪನ್ನು ತರಬಹುದು. 1956ರಲ್ಲಿ ಆ ಸೀಮೆ ಕೇರಳಕ್ಕೆ ಸೇರಿತು. ಮರುವರ್ಷವೇ ಗೋಪಾಲನ್ ಅವರು ಅಲ್ಲಿಂದ ಲೋಕಸಭೆಗೆ ಗೆದ್ದರು. 1962 ಮತ್ತು 1967ರಲ್ಲಿಯೂ ಗೆದ್ದರು. ಗಡಿಯ ನೋವು ಕನ್ನಡಿಗರ ಮನದಲ್ಲಿ ಮಾಸಿಲ್ಲ. ಅವರ ರಾಜಕೀಯ ಮಾರ್ಗವನ್ನೊಪ್ಪದವರೂ ನಮ್ಮಲ್ಲಿ ಅನೇಕರಿದ್ದಾರೆ. ಆದರೂ ಬೆಂಗಳೂರಿನ ಆ ಕಾರ್ಯಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸಲೇಬೇಕು.

ಹಲವು ವರ್ಷ ಗಲ್ಲಾದ ಹಿಂದೆ ಕುಳಿತ ನಾವು ಒಂದು ಮಾತನ್ನು ಬಲ್ಲೆವು. ಹೋಟೆಲಿನ ಮಾಲೀಕನಿಗೆ ಲಾಭಕ್ಕಿಂತ ಮೊದಲು ಬಾಡಿಗೆ, ಹಾಲು, ಗ್ಯಾಸು, ಸಂಬಳಗಳ ಚಿಂತೆ. ಒಡೆತನದೊಡನೆ ಈ ಚಿಂತೆಯೂ ನೌಕರರ ಪಾಲಿಗೆ ಬರುತ್ತದೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಹೆಸರಾಂತ ಕಾಫಿ ಹೌಸ್ 2009ರಲ್ಲಿ ಆ ಜಾಗವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಗೋಡೆಗಳು ಪರರವಾಗಿದ್ದರೆ ಮತದಾನದಿಂದ ಅವನ್ನು ಉಳಿಸಿಕೊಳ್ಳಲಾಗದು. ಸಹಕಾರದಲ್ಲಿ ಕಷ್ಟಗಳು ಮಾಯವಾಗುವುದಿಲ್ಲ. ಅವನ್ನು ಎದುರಿಸುವ ತೀರ್ಮಾನ ಯಾರದೆಂಬುದಷ್ಟೇ ಬದಲಾಗುತ್ತದೆ.

ಗೋಪಾಲನ್ ಅವರು 1977ರ ಮಾರ್ಚ್ 22ರಂದು ತಿರುವನಂತಪುರದಲ್ಲಿ ನಿಧನರಾದರು. ಅವರು ತೀರಿ ದಶಕಗಳೇ ಕಳೆದರೂ ಆ ಸಂಘಗಳು ಕಾಫಿ ಬಡಿಸುತ್ತಲಿವೆ. ನಾವು ನೆಲೆಸಿರುವ ಈ ನಾಡಿನಲ್ಲಿಯೂ, ಸರ್ಕಾರದ ಹಿಡಿತವನ್ನು ಸಡಿಲಿಸಿ ಸದಸ್ಯರೇ ಸಂಘವನ್ನಾಳಲು ಅನುವು ಮಾಡುವ ಪರಸ್ಪರ ಸಹಾಯಕ ಸಹಕಾರಿ ಸಂಘಗಳ ಕಾಯಿದೆಯು 1995ರಿಂದ ಇದೆ. ಅಂದಮೇಲೆ ದಾರಿ ಮುಚ್ಚಿಲ್ಲ.

ನಮ್ಮ ಬಂಧುಗಳಲ್ಲಿ ಅನೇಕರು ಯಾವುದಾದರೊಂದು ಪತ್ತಿನ ಸಂಘದಲ್ಲಿಯೋ ಕನ್ನಡ ಸಂಘದಲ್ಲಿಯೋ ಸದಸ್ಯರಾಗಿದ್ದಾರೆ. ಮಹಾಸಭೆಯ ನೋಟೀಸು ಬಂದಾಗ ಅದನ್ನು ಮಡಿಚಿ ಜೇಬಿಗಿಡದೆ, ಒಂದು ಹೊತ್ತಿನ ಪಾಳಿಯನ್ನು ಬದಲಿಸಿಕೊಂಡಾದರೂ ಸಭೆಗೆ ಹೋಗಬೇಕು. ಲೆಕ್ಕದ ಹಾಳೆಯನ್ನು ಓದಬೇಕು. ಅರ್ಥವಾಗದ ಬಾಬತ್ತನ್ನು ಎದ್ದುನಿಂತು ಕೇಳಬೇಕು. ಕೇಳುವವನಿಲ್ಲದ ಸಂಘಕ್ಕೆ ಒಡೆಯರು ನೂರಿದ್ದರೂ ಆಳುವವರು ಇಬ್ಬರೇ ಆಗುತ್ತಾರೆ.