ನಾನ್‌ಸೆನ್ಸಿಗೆ ಮಣೆ ಹಾಕಿದ ಎಡ್ವರ್ಡ್ ಲಿಯರ್

ಅರ್ಥವಿಲ್ಲದ ಮಾತಿಗೆ ನಮ್ಮಲ್ಲಿ ಹೆಸರುಗಳ ಬರವಿಲ್ಲ. ಕಾಡುಹರಟೆ, ಬೊಗಳೆ, ಬುರುಡೆ, ಅಂಡಬಂಡ ಎಂದು ಒಂದೊಂದಕ್ಕೂ ಒಂದೊಂದು ತೂಕವುಂಟು. ಇಂಗ್ಲಿಷರೂ ಈ ವಿಷಯದಲ್ಲಿ ನಮಗೇನೂ ಕಡಮೆಯಲ್ಲ. ಅವರ ರಬ್ಬಿಷ್ ಎಂದರೆ ಕಸ. ಬಾಷ್ ಎಂಬುದು ತುರ್ಕಿ ಭಾಷೆಯಿಂದ ಬಂದದ್ದು. ಬರಿದು ಎಂದು ಅದರ ಅರ್ಥ. ಹಂಬಗ್ ಎಂಬುದರಲ್ಲಿ ಮೋಸದ ವಾಸನೆಯೂ ಸೇರಿದೆ. ಇವೆಲ್ಲಕ್ಕೂ ಹಿರಿಯಣ್ಣನಂತಿರುವುದು ನಾನ್‌ಸೆನ್ಸ್. ಎದುರಿನವನ ಬಾಯಿ ಮುಚ್ಚಿಸಲು ಅದೊಂದೇ ಶಬ್ದ ಸಾಕು! ಈ ಬೈಗುಳವನ್ನೇ ತನ್ನ ಪುಸ್ತಕಕ್ಕೆ ಹೆಸರಾಗಿಟ್ಟು, ಸಾಹಿತ್ಯದ ಪಂಕ್ತಿಯಲ್ಲಿ ಅದಕ್ಕೊಂದು ಮಣೆ ಹಾಕಿದವನು ಎಡ್ವರ್ಡ್ ಲಿಯರ್.

ಲಿಯರನು 1812ರ ಮೇ 12ರಂದು ಲಂಡನ್ನಿನ ಬಳಿಯ ಹಾಲೊವೇ ಎಂಬಲ್ಲಿ ಜನಿಸಿದನು. ತುಂಬಿದ ಸಂಸಾರ. ತಂದೆ ಷೇರು ವ್ಯಾಪಾರದಲ್ಲಿ ಕೈ ಸುಟ್ಟುಕೊಂಡನು. ಮಗುವನ್ನು ಸಾಕಿ ಸಲಹಿದವಳು ಅವನಿಗಿಂತ ಇಪ್ಪತ್ತೊಂದು ವರ್ಷ ಹಿರಿಯಳಾದ ಅಕ್ಕ ಆ್ಯನ್. ಐದಾರು ವರ್ಷದವನಾಗಿದ್ದಾಗಲೇ ಅವನಿಗೆ ಮೂರ್ಛೆರೋಗವು ಅಂಟಿತು. ಉಬ್ಬಸ, ಕಣ್ಣಿನ ದೌರ್ಬಲ್ಯ, ಮನಸ್ಸಿನ ಕೊರಗು ಇವೂ ಜೊತೆಗೂಡಿದವು. ಮೂರ್ಛೆರೋಗವೆಂದರೆ ಜನ ಹಿಂಜರಿಯುತ್ತಿದ್ದ ಕಾಲವದು. ಅವನು ಅದನ್ನು ಜೀವಮಾನವೆಲ್ಲ ಗುಟ್ಟಾಗಿಟ್ಟು, ತನ್ನ ದಿನಚರಿಯಲ್ಲಿ ಮಾತ್ರ ಗುರುತು ಹಾಕಿಕೊಳ್ಳುತ್ತಿದ್ದನು.

ಶಾಲೆಯ ಓದು ಅವನಿಗೆ ಹೆಚ್ಚು ದೊರೆಯಲಿಲ್ಲ. ಹದಿನೈದು ಹದಿನಾರರ ವಯಸ್ಸಿಗೇ ಚಿತ್ರ ಬರೆದು ಹೊಟ್ಟೆ ಹೊರೆಯತೊಡಗಿದನು. 1830ರಲ್ಲಿ, ಹದಿನೆಂಟರ ತರುಣನಾಗಿದ್ದಾಗ, ಜೀವಂತ ಗಿಳಿಗಳನ್ನೇ ಎದುರಿಗಿಟ್ಟುಕೊಂಡು ಚಿತ್ರಿಸಲು ಆರಂಭಿಸಿದನು. ಎರಡು ವರ್ಷಗಳಲ್ಲಿ 42 ಚಿತ್ರಗಳು ಅಚ್ಚಾದವು. ಅದರ ಕೀರ್ತಿಯಿಂದಾಗಿ, ಮುಂದೆ ಡರ್ಬಿಯ ಅರ್ಲ್ ಆದ ಲಾರ್ಡ್ ಸ್ಟಾನ್ಲಿಯು ತನ್ನ ನೋಸ್ಲಿ ಭವನದಲ್ಲಿದ್ದ ಪ್ರಾಣಿಪಕ್ಷಿಗಳನ್ನು ಚಿತ್ರಿಸಲು ಅವನನ್ನು ಕರೆಸಿಕೊಂಡನು. ಹಗಲು ಪ್ರಾಣಿಗಳ ಚಿತ್ರ. ಬಿಡುವಿನಲ್ಲಿ ಆ ಮನೆಯ ಮಕ್ಕಳಿಗೆ ಐದು ಸಾಲಿನ ತಮಾಷೆಯ ಪದ್ಯಗಳು! ಅವೇ 1846ರಲ್ಲಿ ನಾನ್‌ಸೆನ್ಸಿನ ಪುಸ್ತಕವಾಗಿ ಹೊರಬಂದವು. ಅದೇ ವರ್ಷ ವಿಕ್ಟೋರಿಯ ರಾಣಿಗೆ ಅವನು ಚಿತ್ರಕಲೆಯ ಪಾಠ ಹೇಳಿದನೆಂಬುದು ಸೋಜಿಗವಲ್ಲವೆ?

ಮೊದಲ ಮುದ್ರಣದಲ್ಲಿ ಅವನ ನಿಜನಾಮವಿರಲಿಲ್ಲ. ಮುಂದೆ ಹೆಸರು ಅಚ್ಚಾದರೂ ಕೆಲವರು ನಂಬಲಿಲ್ಲ. ಲಿಯರ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಅರ್ಲ್ ಎಂದಾಗುತ್ತದೆ. ಆದುದರಿಂದ ಇದನ್ನು ಬರೆದವನು ಡರ್ಬಿಯ ಅರ್ಲನೇ ಎಂದು ರೈಲಿನಲ್ಲಿ ಒಬ್ಬ ಮಹಾಶಯನು ವಾದಿಸುತ್ತಿದ್ದನಂತೆ. ಅಲ್ಲಿಯೇ ಕುಳಿತಿದ್ದ ಲಿಯರನು ತನ್ನ ಟೋಪಿಯೊಳಗಿನ ಹೆಸರನ್ನು ತೋರಿಸಿ, ತಾನು ಇದ್ದೇನೆಂಬುದನ್ನೇ ರುಜುವಾತುಪಡಿಸಬೇಕಾಯಿತು!

ಅವನು ಹೊಸ ಶಬ್ದಗಳನ್ನೂ ಟಂಕಿಸಿದನು. ರನ್ಸಿಬಲ್ ಎಂಬ ವಿಶೇಷಣವನ್ನು ಚಮಚಕ್ಕೂ ಬೆಕ್ಕಿಗೂ ಟೋಪಿಗೂ ಹಚ್ಚಿದನು. ಅರ್ಥವನ್ನು ಮಾತ್ರ ಹೇಳಲಿಲ್ಲ. ಕೊನೆಗೆ ನಿಘಂಟುಗಳೇ ಸೋತು ಅದಕ್ಕೆ ಜಾಗ ಕೊಟ್ಟವು.

1873ರಲ್ಲಿ ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕನ ಆಹ್ವಾನದ ಮೇಲೆ ಲಿಯರನು ಭಾರತಕ್ಕೆ ಬಂದು, 1875ರ ತನಕ ಚಿತ್ರ ಬರೆಯುತ್ತ ಸಂಚರಿಸಿದನು. ಇಲ್ಲಿನ ಶಬ್ದಗಳ ನಾದಕ್ಕೆ ಮಾರುಹೋಗಿ ಕಮರ್‌ಬಂದ್ ಎಂಬ ಕವಿತೆ ಬರೆದನು. ಅದರಲ್ಲಿ ಧೋಬಿ ಎಂಬುದು ಕುಳಿತುಕೊಳ್ಳುವ ಪೀಠ. ಬಟ್ಲರನಾದ ಖಾನಸಾಮನು ಎತ್ತರದ ಮರ. ನಡುಪಟ್ಟಿಯಾದ ಕಮರ್‌ಬಂದಂತೂ ಹೆಂಗಸನ್ನು ನುಂಗುವ ಘೋರ ಪ್ರಾಣಿ! ದೂರದ ಇಂಗ್ಲಿಷರು ಆ ನಾದವನ್ನು ಕೇಳಿ ನಕ್ಕಾರು. ಧೋಬಿಯನ್ನು ಬಲ್ಲ ನಾವು ಬೇರೊಂದು ಕಾರಣಕ್ಕೆ ನಗುತ್ತೇವೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಇಂಗ್ಲಿಷ್ ಓದಿದವರಿಲ್ಲ. ನಾನು ಪಾಠವನ್ನು ಗಟ್ಟಿಯಾಗಿ ಓದುವಾಗ ಅವ್ವನಿಗೆ ಅದು ಬರಿಯ ಸದ್ದು. ಅವ್ವನ ಗಾದೆಗಳು ಲಿಯರನಿಗೂ ಹಾಗೆಯೇ ಕೇಳುತ್ತಿದ್ದವು. ಒಬ್ಬರ ನುಡಿ ಇನ್ನೊಬ್ಬರಿಗೆ ನಾನ್‌ಸೆನ್ಸ್ ಆಗುವುದು ಹೀಗೆ. ಲಿಯರನ ಹಿರಿಮೆಯೆಂದರೆ, ತಿಳಿಯದ ಸದ್ದನ್ನು ಅವನು ಜರೆಯಲಿಲ್ಲ, ಆಟಕ್ಕೆ ಕರೆದನು.

ಕೊನೆಯ ವರ್ಷಗಳನ್ನು ಅವನು ಇಟಲಿಯ ಸ್ಯಾನ್ ರೆಮೊದಲ್ಲಿ ಕಳೆದನು. ಮದುವೆಯಾಗಿರಲಿಲ್ಲ. ನೆಚ್ಚಿನ ಸೇವಕ ಜಾರ್ಜಿಯೊ 1883ರಲ್ಲಿ ತೀರಿಕೊಂಡನು. ಮುದ್ದಿನ ಬೆಕ್ಕು ಫಾಸ್ 1887ರಲ್ಲಿ ಸತ್ತಿತು. 1888ರ ಜನವರಿ 29ರಂದು ಲಿಯರನೂ ಕಣ್ಣು ಮುಚ್ಚಿದನು. ತನ್ನ ನೋವನ್ನು ಬಚ್ಚಿಟ್ಟು, ಪರರ ಮಕ್ಕಳಿಗೆ ನಗೆಯನ್ನು ಹಂಚಿದ ಜೀವವದು. ಇನ್ನೊಬ್ಬರ ಮಾತನ್ನು ನಾನ್‌ಸೆನ್ಸ್ ಎಂದು ತಳ್ಳಿಹಾಕುವ ಮುನ್ನ ಈ ಪುಣ್ಯಾತ್ಮನನ್ನು ಒಮ್ಮೆ ನೆನೆಯೋಣ.